ಫಲಿತಾಂಶದ ಪಟ್ಟಿಯಲ್ಲಿ ಮಕ್ಕಳ ಹಿನ್ನೆಲೆಗೂ ಒಂದು ಕಲಂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿ ನೋಡುವ ಪರಿಪಾಠ ನಮ್ಮಲ್ಲಿ ಬಹುಕಾಲದಿಂದ ಇದೆ. ಈಗ ಅದೇ ಗೀಳು ಪ್ರಾಥಮಿಕ ಶಾಲೆಯವರೆಗೂ ಇಳಿದು ಬಂದಿದೆ. ಮೂರನೇ ತರಗತಿಯವರಲ್ಲಿ ಶೇಕಡ ಎಷ್ಟು ಮಕ್ಕಳು ಓದಬಲ್ಲರು, ಐದನೇ ತರಗತಿಯವರಲ್ಲಿ ಎಷ್ಟು ಮಂದಿಗೆ ಭಾಗಾಕಾರ ಬರುತ್ತದೆ ಎಂಬ ಒಂದೊಂದೇ ಅಂಕಿ ಹಿಡಿದು ಅಕ್ಕಪಕ್ಕದ ಹಲವು ಶಾಲೆಗಳ ಗುಂಪಾದ ಕ್ಲಸ್ಟರಿನ ಸಭೆಗಳಲ್ಲೂ ತಾಲ್ಲೂಕು ಮಟ್ಟದ ಪರಿಶೀಲನೆಗಳಲ್ಲೂ ಶಾಲೆಗಳನ್ನು ಅಳೆಯುತ್ತಾರೆ. ಪಟ್ಟಿಯ ಕೊನೆಯಲ್ಲಿರುವ ಶಾಲೆಯ ಮುಖ್ಯ ಶಿಕ್ಷಕರು ಎಲ್ಲರೆದುರು ಎದ್ದು ನಿಂತು ಸಮಜಾಯಿಷಿ ಕೊಡಬೇಕಾಗುತ್ತದೆ. ಬೆಂಗಳೂರಿನ ಪೂರ್ವ ಅಂಚಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದ ನನಗೆ ಅಂಕಿಗಳ ಬಗ್ಗೆ ತಕರಾರಿಲ್ಲ. ಶಾಲೆಯ ಕಲಿಕಾ ಮಟ್ಟವನ್ನು ಹೇಳುವ ಪ್ರತಿ ಪಟ್ಟಿಯಲ್ಲೂ ಅಲ್ಲಿ ಓದುತ್ತಿರುವವರು ಯಾರು, ಯಾವಾಗ ಸೇರಿದರು, ಸೇರುವಾಗ ಅವರಿಗೆ ಏನು ಬರುತ್ತಿತ್ತು ಎಂಬುದೂ ಅದೇ ಸಾಲಿನಲ್ಲಿ ಇರಬೇಕು ಎಂಬುದಷ್ಟೇ ನನ್ನ ಕೋರಿಕೆ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ 94ರಷ್ಟು ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. 2011ರ ಜನಗಣತಿಯಲ್ಲಿ ಉಡುಪಿಯ ಸಾಕ್ಷರತೆ ಶೇ 86.24 ಇದ್ದರೆ ಯಾದಗಿರಿಯದು ಶೇ 51.83, ಯಾದಗಿರಿಯ ಹೆಂಗಸರಲ್ಲಂತೂ ಓದುಬರಹ ಬಲ್ಲವರು ಶೇ 41ರ ಆಸುಪಾಸು. 2024ರಲ್ಲಿ ಪರೀಕ್ಷೆ ಬರೆದ ಮಕ್ಕಳು ಆ ಗಣತಿಯ ಹೊತ್ತಿಗೆ ಎರಡು ಮೂರು ವರ್ಷದ ಕೂಸುಗಳಾಗಿದ್ದರು, ಎಂದರೆ ಅಂದು ಎಣಿಕೆಗೆ ಸಿಕ್ಕ ಹೆಂಗಸರಲ್ಲಿ ಅವರ ತಾಯಂದಿರೂ ಇದ್ದರು. ಎರಡೂ ಅಂಕಿಗಳು ಸರ್ಕಾರದವೇ, ಎರಡೂ ಬಹಿರಂಗವಾಗಿವೆ, ಆದರೂ ಅವನ್ನು ಅಕ್ಕಪಕ್ಕ ಇಟ್ಟು ಓದುವವರು ಕಡಿಮೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅನುದಾನ ಹಂಚುವಾಗ ಎಲ್ಲರಿಗೂ ನೆನಪಾಗುವ ಆ ಪಟ್ಟಿ ಫಲಿತಾಂಶದ ದಿನ ಯಾರಿಗೂ ನೆನಪಾಗುವುದಿಲ್ಲ.

ಜಿಲ್ಲೆಗೆ ಅನ್ವಯಿಸುವ ಈ ಮಾತು ಒಂದು ಶಾಲೆಗೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ನಾನಿದ್ದ ಶಾಲೆ ಇರುವುದು ಒಂದು ಕಾಲದ ಹಳ್ಳಿಯಲ್ಲಿ. ಹೊಲಗಳೆಲ್ಲ ಬಡಾವಣೆಗಳಾದ ಮೇಲೆ ಊರಿನ ಹಳೆಯ ಮನೆತನಗಳ ಮಕ್ಕಳು ವ್ಯಾನು ಹತ್ತಿ ಕಾನ್ವೆಂಟಿಗೆ ಹೋದರು. ಅವರು ಬಿಟ್ಟ ಜಾಗಕ್ಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು, ಗಾರ್ಮೆಂಟ್ಸ್‌ಗೂ ಮನೆಗೆಲಸಕ್ಕೂ ಹೋಗುವ ತಾಯಂದಿರ ಮಕ್ಕಳು, ಅಪಾರ್ಟ್‌ಮೆಂಟುಗಳ ಕಾವಲಿಗೆಂದು ನೇಪಾಳದಿಂದಲೂ ಒಡಿಶಾದಿಂದಲೂ ಬಂದವರ ಮಕ್ಕಳು ಬಂದರು. ಹಾಜರಿ ಪುಸ್ತಕದಲ್ಲಿ ಹುಡುಗರಿಗಿಂತ ಹುಡುಗಿಯರು ಹೆಚ್ಚು. ಕಾರಣ ಕೇಳಬೇಕಿಲ್ಲ, ಒಂದೇ ಮನೆಯ ಅಣ್ಣ ಫೀಸು ಕಟ್ಟುವ ಶಾಲೆಗೆ ಹೋಗುತ್ತಾನೆ, ತಂಗಿ ನಮ್ಮಲ್ಲಿಗೆ ಬರುತ್ತಾಳೆ. ತಂದೆ ತಾಯಿ ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದ ಮನೆಗಳೇ ಅರ್ಧಕ್ಕಿಂತ ಹೆಚ್ಚು. ಈ ಮಕ್ಕಳು ನಮ್ಮಲ್ಲಿಗೆ ಬಂದದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸರ್ಕಾರಿ ಶಾಲೆ ಇರುವುದೇ ಅವರಿಗಾಗಿ. ಆದರೆ ಇದೇ ಶಾಲೆಯನ್ನು, ಸಂದರ್ಶನ ಮಾಡಿ ಮಗುವನ್ನೂ ಪೋಷಕರನ್ನೂ ಆರಿಸಿಕೊಳ್ಳುವ ಪಕ್ಕದ ಖಾಸಗಿ ಶಾಲೆಯ ಜೊತೆ ಒಂದೇ ಅಂಕಿಯಿಂದ ಹೋಲಿಸಿದರೆ ಅದರಿಂದ ಏನು ತಿಳಿಯುತ್ತದೆ?

ಇಷ್ಟೆಲ್ಲ ವಿವರ ಕಲೆಹಾಕುವುದು ಕಷ್ಟ ಎಂಬ ಉತ್ತರ ಬರಬಹುದು. ಕಷ್ಟವೇನೂ ಇಲ್ಲ, ಮುಕ್ಕಾಲು ಪಾಲು ಈಗಾಗಲೇ ಇಲಾಖೆಯ ಕಂಪ್ಯೂಟರಿನಲ್ಲಿದೆ. ಮಕ್ಕಳ ವಿವರ ಮತ್ತು ಕಲಿಕೆಯನ್ನು ದಾಖಲಿಸುವ ರಾಜ್ಯದ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಅದರಡಿ ಜಾತಿ, ಮಾತೃಭಾಷೆ, ಬಿಪಿಎಲ್ ವಿವರ, ಅಂಗವೈಕಲ್ಯ, ದಾಖಲಾದ ದಿನಾಂಕ, ಪಾಠದ ನಡುವಿನ (ರೂಪಣಾತ್ಮಕ) ಮತ್ತು ಅವಧಿಯ ಕೊನೆಯ (ಸಂಕಲನಾತ್ಮಕ) ಮೌಲ್ಯಮಾಪನಗಳ ಗ್ರೇಡ್ ಎಲ್ಲವನ್ನೂ ಶಿಕ್ಷಕರು ತುಂಬುತ್ತಾರೆ. ಕೇಂದ್ರದ ಶಾಲಾ ಮಾಹಿತಿ ಜಾಲ ಯು-ಡೈಸ್ ಪ್ಲಸ್ ಕೂಡ 2022-23ರಿಂದ ಶಾಲೆಯ ಒಟ್ಟು ಲೆಕ್ಕವನ್ನು ಬಿಟ್ಟು ಮಗುವಾರು ಮಾಹಿತಿಯನ್ನೇ ಪಡೆಯುತ್ತಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು, ಸರ್ವರ್ ಬಂದಾಗ ಬಂತು ಎಂದು ಕಾಯುತ್ತ ಇದನ್ನೆಲ್ಲ ತುಂಬುವ ಶಿಕ್ಷಕರಿಗೆ ಆ ಮಾಹಿತಿ ಅರ್ಥವಿರುವ ರೂಪದಲ್ಲಿ ಎಂದೂ ಮರಳಿ ಬರುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಜಾತಿಯ ಕಲಂ ಬೇಕು, ಸಮವಸ್ತ್ರಕ್ಕೆ ತಲೆಯೆಣಿಕೆ ಬೇಕು, ಸಭೆಗೆ ಗ್ರೇಡು ಬೇಕು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಆರು ವರ್ಷ ದಾಟಿದ ಮಗು ಎಂದೂ ಶಾಲೆಗೆ ಹೋಗಿರದಿದ್ದರೂ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ, 15ನೇ ಸೆಕ್ಷನ್ ಪ್ರಕಾರ ಶಾಲೆ ಶುರುವಾಗಿ ಎಷ್ಟು ದಿನವಾಗಿದ್ದರೂ ಬಂದ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಒಳ್ಳೆಯ ಕಾನೂನು, ನಾನು ಅದರ ಪರ. ಹೀಗಾಗಿ ಹತ್ತು ವರ್ಷದ, ಸ್ಲೇಟು ಹಿಡಿದೇ ಇರದ ಹುಡುಗ ನವೆಂಬರಿನಲ್ಲಿ ಬಂದರೆ ನಾವು ಅವನನ್ನು ಐದನೇ ತರಗತಿಯಲ್ಲಿ ಕೂರಿಸುತ್ತೇವೆ. ಜನವರಿಯಲ್ಲಿ ಓದಿನ ಪರೀಕ್ಷೆ ನಡೆಸಲು ಬಂದವರು ಅವನ ಮುಂದೆಯೂ ಎರಡನೇ ತರಗತಿಯ ಮಟ್ಟದ ಕಥೆ ಹಿಡಿಯುತ್ತಾರೆ, ಅವನು ತಲೆ ತಗ್ಗಿಸುತ್ತಾನೆ, ನಮ್ಮ ಶಾಲೆಯ ಶೇಕಡಾವಾರು ಇಳಿಯುತ್ತದೆ. ಅವನನ್ನು ಏನೋ ನೆಪ ಹೇಳಿ ಮುಂದಿನ ಜೂನ್‌ಗೆ ಬನ್ನಿ ಎಂದು ಕಳಿಸಿದ ಶಾಲೆಯ ಶೇಕಡಾವಾರು ಹಾಗೇ ಉಳಿಯುತ್ತದೆ. ಕಾನೂನನ್ನು ಪಾಲಿಸಿದ ಶಾಲೆ ಪಟ್ಟಿಯ ಕೆಳಗೆ ಬಿದ್ದು, ಅದನ್ನು ಸದ್ದಿಲ್ಲದೆ ಮುರಿದ ಶಾಲೆ ಮೇಲೇರುವ ಅಳತೆಗೋಲು ಇದು. ದಾಖಲಾತಿಯನ್ನು ಮೌಲ್ಯಮಾಪನದ ನಂತರಕ್ಕೆ ತಳ್ಳಿದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಆ ಮುಖ್ಯ ಶಿಕ್ಷಕರನ್ನು ಕೆಟ್ಟವರೆನ್ನಲು ನನಗೆ ಮನಸ್ಸಾಗುವುದಿಲ್ಲ, ಹಾಗೆ ಮಾಡುವಂತೆ ಅವರನ್ನು ದೂಡಿದ ಪಟ್ಟಿಯ ಮೇಲೆಯೇ ನನ್ನ ದೂರು.

ಕಲಿಕೆ ಎಂದು ಅಳೆಯುವುದಾದರೂ ಏನನ್ನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕನ್ನಡ ಓದಲು ಕಲಿಯುವ ಮಗು ಮೂಲಾಕ್ಷರ ದಾಟಿ ಕಾಗುಣಿತಕ್ಕೆ ಬರುವಾಗ ಒಮ್ಮೆ ನಿಲ್ಲುತ್ತದೆ, ಒತ್ತಕ್ಷರಕ್ಕೆ ಬಂದಾಗ ಮತ್ತೊಮ್ಮೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಸುರಪುರದ ಕಡೆಯ ತಾಂಡಾ ಒಂದರಿಂದ ಬಂದು ಆಗಸ್ಟಿನಲ್ಲಿ ನಾಲ್ಕನೇ ತರಗತಿಗೆ ಸೇರಿದ, ಮನೆಯಲ್ಲಿ ಲಂಬಾಣಿ ಮಾತನಾಡುವ ಹುಡುಗಿಯೊಬ್ಬಳು ‘ಬಸವ’, ‘ಕಮಲ’ ಎಂಬಂಥ ಪದಗಳನ್ನು ಸರಾಗವಾಗಿ ಓದುತ್ತಿದ್ದಳು. ‘ಅಮ್ಮ ಹಬ್ಬಕ್ಕೆ ಅಕ್ಕನ ಮನೆಗೆ ಹೋದಳು’ ಎಂಬ ಸಾಲು ಬಂದಾಗ ‘ಅಮ’ ಎಂದಳು, ‘ಹಬಕೆ’ ಎಂದು ಎರಡು ಸಲ ತಡವರಿಸಿದಳು, ಬೆರಳು ಅಲ್ಲೇ ನಿಂತಿತು. ನಾನು ಆ ಸಾಲನ್ನು ಓದಿ ಹೇಳಿದ ಕೂಡಲೇ, ತಮ್ಮ ತಾಂಡಾದಲ್ಲಿ ಹಬ್ಬ ಹೇಗೆ ಮಾಡುತ್ತಾರೆ ಎಂಬುದನ್ನೆಲ್ಲ ನಿಲ್ಲಿಸದೆ ಹೇಳಿದಳು. ಅವಳಿಗೆ ಅರ್ಥದ ತೊಡಕಿರಲಿಲ್ಲ, ತೊಡಕಿದ್ದದ್ದು ಅಕ್ಷರದ ಕೆಳಗಿನ ಅಕ್ಷರದಲ್ಲಿ. ಫೆಬ್ರುವರಿಯ ಹೊತ್ತಿಗೆ ಅವಳು ಒಂದು ಪ್ಯಾರಾವನ್ನು ನಿಧಾನವಾಗಿಯಾದರೂ ತಾನೇ ಓದುತ್ತಿದ್ದಳು; ‘ರಾಷ್ಟ್ರ’ದಂಥ, ಒಂದರ ಕೆಳಗೆ ಎರಡು ಒತ್ತು ಬರುವ ಕಡೆ ಮಾತ್ರ ಎಡವುತ್ತಿದ್ದಳು. ಆರು ತಿಂಗಳಲ್ಲಿ ಒಂದು ಮಗು ಇಷ್ಟು ದೂರ ಬರುವುದು ಸಣ್ಣ ಮಾತಲ್ಲ. ಆದರೆ ನಮೂನೆಯಲ್ಲಿದ್ದ ಪ್ರಶ್ನೆ, ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲಳೇ ಎಂಬುದು. ಆಗಸ್ಟಿನಲ್ಲೂ ಫೆಬ್ರುವರಿಯಲ್ಲೂ ಅವಳ ಹೆಸರಿನ ಮುಂದೆ ಬಿದ್ದದ್ದು ‘ಇಲ್ಲ’ ಎಂಬ ಒಂದೇ ಗುರುತು. ಆ ಆರು ತಿಂಗಳೂ ಅವಳೊಂದಿಗೆ ಕೂತ ಶಿಕ್ಷಕಿಯ ಕೆಲಸಕ್ಕೆ ಆ ಕಾಗದದಲ್ಲಿ ಬೆಲೆ ಸೊನ್ನೆ.

ವಿಚಿತ್ರವೆಂದರೆ, ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡುವ ಪದ್ಧತಿ ನಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಮಕ್ಕಳು ತರಗತಿಯ ಲೆಕ್ಕದಲ್ಲಿ ಕೂರದೆ ತಾವಿರುವ ಮೆಟ್ಟಿಲಿನ ಲೆಕ್ಕದಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಿದ್ದರು. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಕಾಣುತ್ತಿತ್ತು. ತಿಂಗಳ ಆರಂಭದಲ್ಲಿ ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂತು ಎಂದು ಹೇಳಲು ಅಷ್ಟು ಸಾಕಾಗಿತ್ತು. ನಲಿ-ಕಲಿಯ ಕುಂದುಕೊರತೆಗಳ ಚರ್ಚೆ ಬೇರೆಯದೇ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆದರೆ ಈ ಒಂದು ಅಂಶವನ್ನು ಮೇಲಿನ ತರಗತಿಗಳಿಗೂ ತಾಲ್ಲೂಕಿನ ಪಟ್ಟಿಗೂ ತರಲು ಅಡ್ಡಿಯೇನೆಂದು ನನಗೆ ತಿಳಿಯದು.

ಭಾಷೆಯ ವಿಷಯ ಇನ್ನೊಂದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಮೂರರಲ್ಲಿ ಎರಡು ಪಾಲು. ಉಳಿದವರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ ಮನೆಗಳಿವೆ. ಉರ್ದು ಮತ್ತು ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳು ಕೆಲವು ಕಡೆ ಇವೆ. ಲಂಬಾಣಿಗೆ, ನೇಪಾಳಿಗೆ, ಒಡಿಯಾಕ್ಕೆ ಅಂಥ ಆಸರೆ ಇಲ್ಲ, ಇರುವುದು ಸಾಧ್ಯವೂ ಅಲ್ಲ. ಆ ಮಕ್ಕಳು ಕನ್ನಡವನ್ನು ಅಂಗಳದಲ್ಲೇ ಕಲಿತು ಆಮೇಲೆ ಪುಸ್ತಕದಲ್ಲಿ ಓದುತ್ತಾರೆ. ಈಗ ಆ ಮಗುವಿಗೆ ಕನ್ನಡವೂ ಇಂಗ್ಲಿಷೂ ಎರಡೂ ಹೊಸವು ಎಂದಾದಾಗ ದ್ವಿಭಾಷಾ ಪುಸ್ತಕ ಕೊಟ್ಟು ಒಂದೇ ವರ್ಷದಲ್ಲಿ ಎರಡರಲ್ಲೂ ಮಟ್ಟ ಕೇಳುವುದು ಅತಿಯಾಯಿತು. ಆದರೂ ಪಟ್ಟಿಯಲ್ಲಿ ಮಾತೃಭಾಷೆಯ ಕಲಂ ಕಾಣುವುದಿಲ್ಲ.

ಮಕ್ಕಳ ಮನೆಯ ಹಿನ್ನೆಲೆಗೂ ಅಂಕಕ್ಕೂ ಇರುವ ನಂಟು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಸುಮಾರು ಆರು ಲಕ್ಷ ಮಕ್ಕಳ ಮಾಹಿತಿ ಕಲೆಹಾಕಿ 1966ರಲ್ಲಿ ಪ್ರಕಟಿಸಿದ ವರದಿಯೇ ಅಂಕಗಳ ಏರಿಳಿತಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆ ದೊಡ್ಡ ಕಾರಣ ಎಂದಿತ್ತು. ನಮಗೆ ಹತ್ತಿರದ ಸಾಕ್ಷ್ಯ ಅವಿಭಜಿತ ಆಂಧ್ರಪ್ರದೇಶದ್ದು. ಅಲ್ಲಿನ 180 ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿ ಎತ್ತಿ, ಗೆದ್ದವರನ್ನು ಖರ್ಚು ಕೊಟ್ಟು ಖಾಸಗಿ ಶಾಲೆಗೆ ಕಳಿಸಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಾಲ್ಕು ವರ್ಷದ ಬಳಿಕ ನೋಡಿದಾಗ ತೆಲುಗಿನಲ್ಲೂ ಗಣಿತದಲ್ಲೂ ಲಾಟರಿ ಗೆದ್ದವರಿಗೂ ಸೋತವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಸಾಕಷ್ಟು ಮುಂದಿದ್ದರು, ಮತ್ತು ಖಾಸಗಿ ಶಾಲೆಗಳು ಇದನ್ನೆಲ್ಲ ಕಡಿಮೆ ಖರ್ಚಿನಲ್ಲಿ ಮಾಡಿದ್ದವು ಎಂಬುದನ್ನೂ ಮುಚ್ಚಿಡಬಾರದು. ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಒಂದೇ ಬಗೆಯ ಮನೆಯ ಮಕ್ಕಳನ್ನು ಎರಡೂ ಕಡೆ ಇಟ್ಟು ನೋಡಿದರೆ, ಬೀದಿಯಲ್ಲಿ ಮಾತನಾಡಿಕೊಳ್ಳುವ ಖಾಸಗಿಯ ಮೇಲುಗೈ ಬಹುಪಾಲು ಕರಗುತ್ತದೆ.

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಸ್ವರೂಪವನ್ನು ನೀತಿಗಳೂ ಬದಲಿಸಿವೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ 25ರ ಸೀಟುಗಳು ಖಾಸಗಿ ಶಾಲೆಗಳಲ್ಲಿ ಸಿಗುತ್ತಿದ್ದ ವರ್ಷಗಳಲ್ಲಿ, ಆನ್‌ಲೈನ್ ಅರ್ಜಿ ತುಂಬಿ, ಆದಾಯ ಪ್ರಮಾಣಪತ್ರಕ್ಕೆ ಅಲೆದು, ಲಾಟರಿಯ ದಿನ ನೆನಪಿಟ್ಟುಕೊಳ್ಳಬಲ್ಲ ಬಡ ಪೋಷಕರು ನಮ್ಮ ಶಾಲೆ ಬಿಟ್ಟರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಬರುತ್ತಿದ್ದವರೂ ಹೆಚ್ಚಾಗಿ ಅವರೇ. 2019-20ರಿಂದ ಸಮೀಪದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದಾಯಿತು, ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು, ಕೆಲವರು ಮರಳಿದರು. ಈ ಹೋಗಿಬರುವಿಕೆಯಲ್ಲಿ ಒಂದೇ ಶಾಲೆಯ ಒಂದೇ ಶಿಕ್ಷಕಿಯ ಐದನೇ ತರಗತಿಯ ಫಲಿತಾಂಶ ಮೂರು ವರ್ಷದಲ್ಲಿ ಏರಿ ಇಳಿದರೆ ಅದನ್ನು ಅವರ ಬೋಧನೆಗೆ ಕಟ್ಟುವುದು ಎಷ್ಟು ಸರಿ? ಚಿಕ್ಕ ಶಾಲೆಗಳಲ್ಲಂತೂ ಲೆಕ್ಕವೇ ಮೋಸ ಮಾಡುತ್ತದೆ. ತರಗತಿಯಲ್ಲಿ ಎಂಟು ಮಕ್ಕಳಿದ್ದರೆ ಒಂದು ಮಗು ಎಂದರೆ ಶೇ 12.5. ಒಂದು ಕುಟುಂಬ ಜಾತ್ರೆಗೆಂದು ಊರಿಗೆ ಹೋಗಿ ಮರಳದಿದ್ದರೆ ಸಾಕು, ಶಾಲೆಯ ಸ್ಥಾನ ಅದಲುಬದಲಾಗುತ್ತದೆ.

ಇದನ್ನೆಲ್ಲ ಓದಿದ ಕೆಲವು ಶಿಕ್ಷಕ ಮಿತ್ರರಿಗೆ ಸಮಾಧಾನವಾಗಬಹುದು. ಅವರಿಗೆ ನನ್ನ ಮಾತು ಹಿತವಾಗಲಿಕ್ಕಿಲ್ಲ. ‘ಇಂಥ ಮನೆಯಿಂದ ಬಂದವರಿಗೆ ಎಷ್ಟು ಹೇಳಿಕೊಟ್ಟರೂ ಅಷ್ಟೇ’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಮಕ್ಕಳ ಹಿನ್ನೆಲೆಯನ್ನು ಪಟ್ಟಿಯಲ್ಲಿ ಸೇರಿಸಿ ಎಂದು ನಾನು ಕೇಳುವುದು ಆ ಮಾತಿಗೆ ಅಧಿಕೃತ ಮುದ್ರೆ ಒತ್ತಿಸಿಕೊಳ್ಳಲು ಅಲ್ಲವೇ ಅಲ್ಲ. ಹಾಗೆ ಸೇರಿಸಿದ ದಿನವೇ ಒಂದೇ ಬಗೆಯ ಮಕ್ಕಳಿರುವ ಎರಡು ಶಾಲೆಗಳು ಅಕ್ಕಪಕ್ಕ ಬರುತ್ತವೆ, ಒಂದರಲ್ಲಿ ಮಕ್ಕಳು ಮುಂದೆ ಸಾಗಿ ಇನ್ನೊಂದರಲ್ಲಿ ನಿಂತಲ್ಲೇ ನಿಂತಿರುವುದು ಕಣ್ಣಿಗೆ ಬೀಳುತ್ತದೆ, ಆಗ ಎರಡನೇ ಶಾಲೆಯ ಶಿಕ್ಷಕರಿಗೆ ಮಕ್ಕಳ ಮನೆಯನ್ನು ತೋರಿಸಿ ಪಾರಾಗಲು ದಾರಿ ಇರುವುದಿಲ್ಲ. ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 20.9 ಇದ್ದು, ಕೋವಿಡ್ ಬಳಿಕ 2022ರಲ್ಲಿ ಶೇ 16.3ಕ್ಕೆ ಕುಸಿದು, 2024ರಲ್ಲಿ ಶೇ 23.4ಕ್ಕೆ ಏರಿದರು. ಎರಡು ವರ್ಷದಲ್ಲಿ ಆ ಮನೆಗಳ ಬಡತನವೇನೂ ಬದಲಾಗಲಿಲ್ಲ. ಬದಲಾದದ್ದು ಶಾಲೆಯಲ್ಲಿ ಓದಿನ ಬುನಾದಿಗೆ ಸಿಕ್ಕ ಗಮನ. ನಾಲ್ವರಲ್ಲಿ ಒಬ್ಬ ಮಗುವೂ ಓದಲಾರದ ಸ್ಥಿತಿ ಇನ್ನೂ ಇದೆ ಎಂಬುದು ಇದೇ ಅಂಕಿಯ ಇನ್ನೊಂದು ಮುಖ, ಅದನ್ನು ಹಿನ್ನೆಲೆಯ ಹೆಸರಿನಲ್ಲಿ ಮರೆಸಲಾಗದು.

ಹಿನ್ನೆಲೆ ತಿಳಿದ ಮೇಲೆ ಮಾಡಬೇಕಾದದ್ದು ಶಿಕ್ಷಕರ ಹಂಚಿಕೆಯ ಮರುವಿಚಾರ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ಕಾನೂನು ಚಾಚೂತಪ್ಪದೆ ಪಾಲನೆಯಾದರೂ ಐದು ತರಗತಿಗೆ ಇಬ್ಬರೇ. ಅವರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಹಾಲು, ಮೊಟ್ಟೆ, ಬಿಸಿಯೂಟ, ಸಭೆ, ಆನ್‌ಲೈನ್ ನಮೂನೆ ಎಲ್ಲ ಅವರ ತಲೆಯ ಮೇಲೆ. (2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರು ಹೋದಾಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು ಎಂಬುದನ್ನು ಓದುಗರು ಮರೆತಿರಲಾರರು.) ಎಲ್ಲರೂ ಅಪ್ಪ ಅಮ್ಮ ಓದಿಸಬಲ್ಲ ಮನೆಯಿಂದ ಬಂದ 60 ಮಕ್ಕಳಿಗೂ, ಅರ್ಧದಷ್ಟು ಮಕ್ಕಳು ಬೇರೆ ಭಾಷೆಯ, ವರ್ಷದ ಮಧ್ಯೆ ಸೇರಿದ, ಮೊದಲ ತಲೆಮಾರಿನ ಕಲಿಕೆಯವರಾಗಿರುವ 60 ಮಕ್ಕಳಿಗೂ ಅದೇ ಇಬ್ಬರು ಎಂಬ ಸೂತ್ರ ಮೇಲ್ನೋಟಕ್ಕೆ ಸಮಾನತೆಯಂತೆ ಕಾಣುತ್ತದೆ. ತಡವಾಗಿ ಸೇರಿದ ಮಕ್ಕಳು ತರಗತಿಯವರ ಸಮಕ್ಕೆ ಬರಲೆಂದು 4ನೇ ಸೆಕ್ಷನ್ ಹೇಳುವ ವಿಶೇಷ ತರಬೇತಿಯನ್ನು ಕೊಡುವವರು ಯಾರು ಎಂದು ಕೇಳಿದರೆ ಅದರ ಬಣ್ಣ ಬಯಲಾಗುತ್ತದೆ. ಅಂಥ ಶಾಲೆಗೆ ಒಬ್ಬ ಹೆಚ್ಚುವರಿ ಶಿಕ್ಷಕರನ್ನು, ಅತಿಥಿ ಶಿಕ್ಷಕರನ್ನಾದರೂ ಸೈ, ಆಗಸ್ಟಿನವರೆಗೆ ಕಾಯಿಸದೆ ಜೂನ್ ಮೊದಲ ವಾರದಲ್ಲೇ ಕೊಡಬೇಕು.

ಪಟ್ಟಿ ಹೇಗಿರಬೇಕು ಎಂಬ ಬಗ್ಗೆ ಒಂದೆರಡು ಮಾತು. ಶಾಲೆಯ ಸಾಲಿನಲ್ಲಿ ಓದಿನ, ಲೆಕ್ಕದ ಮಟ್ಟವನ್ನು ಜೂನ್‌ನಲ್ಲಿ ಇದ್ದಂತೆ ಮತ್ತು ಮಾರ್ಚ್‌ನಲ್ಲಿ ಇದ್ದಂತೆ ಎರಡು ಕಲಂಗಳಲ್ಲಿ ಕೊಡಲಿ. ವರ್ಷದ ಮಧ್ಯೆ ಸೇರಿದವರನ್ನು ಅವರು ಸೇರಿದ ದಿನದ ಮಟ್ಟದಿಂದ ಲೆಕ್ಕ ಹಿಡಿಯಲಿ. ತಾಯಿಯ ಓದು, ಮನೆಯ ಭಾಷೆ, ವಲಸೆ ಈ ಮೂರಂತೂ ಇರಲಿ. ಜಾತಿವಾರು ವಿವರದಲ್ಲಿ ಮಾತ್ರ ಎಚ್ಚರ ಬೇಕು. ಇಡೀ ತಾಲ್ಲೂಕಿಗೆ ಜಾತಿವಾರು ಕಲಿಕೆಯ ಅಂತರ ಪ್ರಕಟವಾಗಲೇಬೇಕು, ಅದನ್ನು ಮುಚ್ಚಿಟ್ಟರೆ ತಾರತಮ್ಯವನ್ನೇ ಮುಚ್ಚಿಟ್ಟಂತೆ. ಆದರೆ ಒಂದು ತರಗತಿಯಲ್ಲಿ ಪರಿಶಿಷ್ಟ ಪಂಗಡದ ಇಬ್ಬರೇ ಮಕ್ಕಳಿದ್ದು, ಆ ವರ್ಗದ ಓದಿನ ಪ್ರಮಾಣ ಸೊನ್ನೆ ಎಂದು ಶಾಲೆಯ ಹೆಸರಿನೊಂದಿಗೆ ಬರೆದರೆ ಊರಿಗೆಲ್ಲ ಆ ಇಬ್ಬರನ್ನು ಬೆರಳು ಮಾಡಿ ತೋರಿಸಿದಂತಾಗುತ್ತದೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ವಿವರ ಶಾಲೆಯ ಮಟ್ಟದಲ್ಲಿ ಹೊರಬರಬಾರದು, ಕ್ಲಸ್ಟರ್ ಮಟ್ಟದಲ್ಲಿ ಒಟ್ಟುಗೂಡಿಸಿ ಕೊಡಬೇಕು. ಮೂರು ವರ್ಷದ ಸರಾಸರಿ ಹಿಡಿದರೆ ಚಿಕ್ಕ ಶಾಲೆಗಳ ಏರುಪೇರೂ ತಗ್ಗುತ್ತದೆ.

2001ರಲ್ಲಿ ಎಸ್‌ಡಿಎಂಸಿಗಳನ್ನು ರಚಿಸಿದಾಗ ಪೋಷಕರು ಶಾಲೆಯ ಮೇಲುಸ್ತುವಾರಿ ನೋಡಿಕೊಳ್ಳಲಿ ಎಂಬ ಆಶಯವಿತ್ತು. ಇಂದು ಹಲವು ಸಭೆಗಳಲ್ಲಿ ಅವರ ಮುಂದೆ ಇಡುವುದು ಕಾಂಪೌಂಡಿನ ಬಿಲ್ಲು ಮತ್ತು ಶೌಚಾಲಯದ ದುರಸ್ತಿ. ಮೇಲೆ ಹೇಳಿದ ಪಟ್ಟಿಯಲ್ಲಿ ತಮ್ಮ ಶಾಲೆಯ ವಿವರವಿರುವ ಪುಟವನ್ನು ಪ್ರತಿ ಜುಲೈ ಮತ್ತು ಏಪ್ರಿಲ್ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವುದನ್ನು ಕಡ್ಡಾಯಗೊಳಿಸಿದರೆ, ಓದಲು ಬಾರದ ತಾಯಿಯೂ ತನ್ನ ಮಗಳು ಯಾವ ಮೆಟ್ಟಿಲಿನಲ್ಲಿದ್ದಾಳೆ ಎಂದು ಶಿಕ್ಷಕರನ್ನು ಕೇಳಬಲ್ಲಳು. ಇದಕ್ಕೆ ಹೊಸ ಆ್ಯಪ್ ಬೇಡ, ಹೊಸ ಸಮೀಕ್ಷೆಯೂ ಬೇಡ. ಎಸ್‌ಎಟಿಎಸ್‌ನಲ್ಲಿ ಈಗಿರುವ ಮಾಹಿತಿಗೆ ತಾಯಿಯ ಓದು ಮತ್ತು ಸೇರಿದ ದಿನದ ಕಲಿಕಾ ಮಟ್ಟ ಎಂಬ ಎರಡು ಕಲಂ ಸೇರಿಸಿದರೆ ಸಾಕು. ಬರುವ ಶೈಕ್ಷಣಿಕ ವರ್ಷಕ್ಕೆ ಮುಂಚೆ ಒಂದೊಂದು ಶೈಕ್ಷಣಿಕ ವಿಭಾಗದಲ್ಲಿ ಒಂದೊಂದು ತಾಲ್ಲೂಕನ್ನು ಆಯ್ದು ಪ್ರಯೋಗಿಸಿ ನೋಡಲು ಶಾಲಾ ಶಿಕ್ಷಣ ಇಲಾಖೆ ಸಿದ್ಧವಿದೆಯೇ ಎಂಬುದನ್ನು ತಮ್ಮ ಪತ್ರಿಕೆ ವಿಚಾರಿಸಿ, ಬಂದ ಉತ್ತರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಮುಖ್ಯ ಶಿಕ್ಷಕಿ,
ಬೆಂಗಳೂರು ಪೂರ್ವ